ಅಕ್ಕನಿಗೊಂದು ಅಗ್ಗದ ಕನೆಕ್ಷನ್

ನಮ್ಮ ಮನೆಯ ದೇವರ ಮಾಡದ ಪಕ್ಕದಲ್ಲಿ ಒಂದು ಬಿಳಿ ಡಬ್ಬಿ ಕುಳಿತಿದೆ. ಅದಕ್ಕೆ ಎರಡು ಕೋಡು. ಹೊಟ್ಟೆಯ ಮೇಲೆ ಸಾಲಾಗಿ ಹಸಿರು ಬಲ್ಬುಗಳು ಮಿಣುಕುತ್ತವೆ. ಅದು ಅಲ್ಲೇ ಯಾಕೆ ಕುಳಿತಿದೆಯೆಂದರೆ ಇಡೀ ಪಡಸಾಲೆಯಲ್ಲಿ ಖಾಲಿ ಇದ್ದ ಪ್ಲಗ್ಗು ಅದೊಂದೇ. ಗಣಪತಿ ಹಬ್ಬದಲ್ಲಿ ಸೀರಿಯಲ್ ಲೈಟಿನ ಸೆಟ್ಟು ಹಾಕಲೆಂದು ಮಾಡಿಸಿದ್ದು. ಡಬ್ಬಿ ಬಂದ ಮೊದಲ ಶುಕ್ರವಾರವೇ ನನ್ನ ಹೆಂಡತಿ ಗಿರಿಜಾ ದೇವರಿಗೆ ಕುಂಕುಮ ಹಚ್ಚಿದ ಬೆರಳಲ್ಲೇ ಅದಕ್ಕೂ ಒಂದು ಬೊಟ್ಟು ಇಟ್ಟಳು.

“ಅದು ರೌಟರ್ ಐತಿ ಮಾರಾಯ್ತಿ, ದೇವ್ರಲ್ಲ” ಅಂದೆ.

“ಇರ್ಲಿ ಬಿಡ್ರಿ. ನೀವು ದಿನಾ ಅದರ ಮುಂದ ನಿಂತು ಬೈಯೂದಕ್ಕಿಂತ ಇದು ಚೊಲೋ” ಅಂದಳು.

ಬೈಯುತ್ತೇನೆ, ಸುಳ್ಳಲ್ಲ. ನೀವೂ ಮನೆಗೆ ಮೊದಲ ಸಲ ಇಂಟರ್ನೆಟ್ ಹಾಕಿಸಬೇಕೆಂದು ಹೊರಟಿದ್ದರೆ ಸ್ವಲ್ಪ ಕುಳಿತುಕೊಳ್ಳಿ, ಚಹಾ ಆಗಲಿ, ಆಮೇಲೆ ಹೋಗುವಿರಂತೆ. ಎಮ್ಮೆ ಕೊಳ್ಳುವುದು ಇದಕ್ಕಿಂತ ಸುಲಭ. ಹಲ್ಲು ನೋಡಬಹುದು, ಕೆಚ್ಚಲು ಮುಟ್ಟಬಹುದು, ಎದುರಿಗೇ ಒಂದು ಹೊತ್ತು ಹಿಂಡಿಸಿ ನೋಡಬಹುದು. ಈ ನೆಟ್ಟಿಗೆ ಹಲ್ಲೂ ಇಲ್ಲ, ಕೆಚ್ಚಲೂ ಇಲ್ಲ. ಇರುವುದೆಲ್ಲ ‘ವರೆಗೆ’ ಎಂಬ ಒಂದು ಶಬ್ದ. ನೂರರವರೆಗೆ ಸ್ಪೀಡು, ಇನ್ನೂರರವರೆಗೆ ಸ್ಪೀಡು. ಈ ವರೆಗೆಯ ಎಣಿಕೆ ಸೊನ್ನೆಯಿಂದ ಶುರುವಾಗುತ್ತದೆ ಎಂಬುದನ್ನು ಮಾತ್ರ ಯಾವ ಪುಣ್ಯಾತ್ಮನೂ ಬಾಯಿ ಬಿಟ್ಟು ಹೇಳುವುದಿಲ್ಲ.

ಹಾಕಿಸಿದ್ದು ನನಗೆಂದಲ್ಲ. ನಾನು ದಿನಾ ಬೆಳಿಗ್ಗೆ ಬ್ಯಾಡಗಿಯಿಂದ ಬಸ್ಸು ಹಿಡಿದು ರಾಣೆಬೆನ್ನೂರಿಗೆ ಹೋಗಿ ಬೀಜದ ಕಂಪನಿಯೊಂದರಲ್ಲಿ ಲೆಕ್ಕ ಬರೆಯುವವನು. ಆಫೀಸಿನಲ್ಲಿ ಬೇಕಾದಷ್ಟು ನೆಟ್ಟಿದೆ; ಮನೆಗೆ ಬಂದಮೇಲಾದರೂ ಅದರಿಂದ ಬಿಡುಗಡೆ ಇರಲಿ ಎಂದೇ ಇದ್ದೆ. ಹಾಕಿಸಿದ್ದು ನಮ್ಮ ಅಕ್ಕನಿಗೆ. ಅಕ್ಕ ನೀಲವ್ವನಿಗೆ ಹುಟ್ಟಿದಾಗಿನಿಂದ ಕಿವಿ ಕೇಳುವುದಿಲ್ಲ, ಹಾಗಾಗಿ ಬಾಯಿಮಾತೂ ಬರಲಿಲ್ಲ. ಮದುವೆಯಾಗಲಿಲ್ಲ. ನಮ್ಮೊಂದಿಗೇ ಇದ್ದಾಳೆ. ಹಂಗಾಮಿನಲ್ಲಿ ಮನೆಗೇ ಚೀಲ ತರಿಸಿಕೊಂಡು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಾಳೆ, ಉಳಿದ ದಿನಗಳಲ್ಲಿ ನಮ್ಮನ್ನೆಲ್ಲ ಅಂಕೆಯಲ್ಲಿಡುತ್ತಾಳೆ. ಅವಳ ಕೈಮಾತಿನಲ್ಲಿ ಪ್ರತಿಯೊಬ್ಬರಿಗೂ ಒಂದು ಹೆಸರಿದೆ. ಗಿರಿಜಾಳ ಹೆಸರು, ಸೊಂಟದ ಮೇಲೆ ಕೈಯಿಟ್ಟು ನಿಲ್ಲುವುದು. ನನ್ನ ಹೆಸರು, ಮುಂಗೈಯಿಂದ ಮೂಗು ಒರೆಸಿಕೊಳ್ಳುವುದು. ನನ್ನ ಮೂಗು ಸೋರುವುದು ನಿಂತು ಐವತ್ತು ವರ್ಷದ ಮೇಲಾಯಿತು, ಹೆಸರು ಬದಲಾಗಿಲ್ಲ. ಒಮ್ಮೆ ನಮ್ಮ ಮ್ಯಾನೇಜರರು ಮನೆಗೆ ಬಂದಿದ್ದಾಗ ಅವರೆದುರಿಗೇ ನನ್ನನ್ನು ಹೀಗೆ ಕರೆದಳು; ಅವರು ಪಾಪ ನನಗೆ ನೆಗಡಿಯೆಂದು ತಿಳಿದು ಎರಡು ದಿನ ರಜೆ ಕೊಟ್ಟರು.

ಅಕ್ಕನ ಭಾಷೆಯಲ್ಲಿ ಟೆಲಿಫೋನಿಗೆ ಏನೆನ್ನುತ್ತಾರೆ ಗೊತ್ತೇ? ಮುಷ್ಟಿಯನ್ನು ಕಿವಿಗೆ ಹಚ್ಚಿ, ಕಣ್ಣು ಹೊರಬರುವಂತೆ ಮಾಡಿ, ಬಾಯಿ ಅಗಲಿಸಿ, ಕಡೆಗೊಂದು ಸೀನು. ಇದಕ್ಕೆ ಕಾರಣವಿದೆ. ನಾವು ಸಣ್ಣವರಿದ್ದಾಗ ಓಣಿಗೆಲ್ಲ ಇದ್ದದ್ದು ಒಂದೇ ಫೋನು, ಅದೂ ಮೆಣಸಿನಕಾಯಿ ಅಡತಿ ಅಂಗಡಿಯಲ್ಲಿ, ಚೀಲಗಳ ನಡುವೆ. ಯಾರದಾದರೂ ಟ್ರಂಕ್ ಕಾಲ್ ಬಂದರೆ ಕರೆಯಲು ಹಮಾಲ ಓಡಿಬರುತ್ತಿದ್ದ. ನಾವೂ ಹಿಂದೆಯೇ ಓಡುತ್ತಿದ್ದೆವು. ಫೋನಿನಲ್ಲಿ ಮಾತಾಡುವವರು ಹುಬ್ಬಳ್ಳಿಗೆ ನೇರವಾಗಿ ಕೇಳಿಸಬೇಕೆಂಬಂತೆ ಕಿರುಚುತ್ತಿದ್ದರು. ಕಿರುಚಲು ಉಸಿರೆಳೆದುಕೊಂಡರೆ ಮೆಣಸಿನಕಾಯಿಯ ಘಾಟು ಮೂಗಿಗೆ ಹೊಡೆದು ಸೀನು. ಸತ್ತ ಸುದ್ದಿಯಿರಲಿ, ಹಡೆದ ಸುದ್ದಿಯಿರಲಿ, ಸೀನದೆ ಯಾರ ಮಾತೂ ಮುಗಿಯುತ್ತಿರಲಿಲ್ಲ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅಕ್ಕನಿಗೆ ಅದೊಂದು ಸಿಟ್ಟು ತೀರಿಸಿಕೊಳ್ಳುವ ಯಂತ್ರವಾಗಿ ಕಂಡಿರಬೇಕು. ಮೊನ್ನೆ ಮೊನ್ನೆಯವರೆಗೂ ನಾನು ಫೋನು ಹಿಡಿದರೆ, ‘ಯಾರಿಗೆ ಬೈತಿದ್ದಿ?’ ಎಂದೇ ಕೇಳುತ್ತಿದ್ದಳು.

ಇಂಥ ಅಕ್ಕನಿಗೆ ಫೋನು ಬೇಕಾದದ್ದು ಮೆಹರೂನಳಿಂದ. ಮೆಹರೂನ್ ಹಾವೇರಿಯವಳು, ಅಕ್ಕನಂತೆಯೇ ಕಿವಿ ಕೇಳದವಳು. ಇಬ್ಬರೂ ಸಣ್ಣವರಿದ್ದಾಗ ಹುಬ್ಬಳ್ಳಿ ಕಡೆ ಒಂದು ವಸತಿ ಶಾಲೆಯಲ್ಲಿ ಕೂಡಿ ಇದ್ದವರು. ಅಲ್ಲಿ ಮಕ್ಕಳಿಗೆ ಬಾಯಿಂದಲೇ ಮಾತು ಕಲಿಸಬೇಕೆಂಬ ಹಟ; ಕೈ ಆಡಿಸಿದರೆ ಕೈಕಟ್ಟಿ ಕೂರಿಸುತ್ತಿದ್ದರಂತೆ. ಬಾಯಿಮಾತು ಬರಲೊಲ್ಲದು, ಕೈಮಾತು ಆಡಬಾರದು; ಓದುಬರಹವೂ ಅಷ್ಟಕ್ಕಷ್ಟೇ ಆಯಿತು. ಹುಡುಗಿಯರು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಸೇರಿ ತಮ್ಮದೇ ಒಂದು ಕೈಮಾತು ಕಟ್ಟಿಕೊಂಡರು. ಆ ಗುಂಪಿನವರು ಈಗ ಯಾವ್ಯಾವ ಊರಲ್ಲಿದ್ದಾರೋ ತಿಳಿಯದು. ಒಬ್ಬರಿಗೊಬ್ಬರು ಗೊತ್ತಿರುವವರು ಅಕ್ಕ ಮತ್ತು ಮೆಹರೂನ್ ಇಬ್ಬರೇ. ಮೆಹರೂನಳನ್ನು ಸೊಲ್ಲಾಪುರಕ್ಕೆ ಕೊಟ್ಟರು. ಅಲ್ಲಿ ಮಗ, ಸೊಸೆ, ಮೊಮ್ಮಕ್ಕಳು ಎಲ್ಲ ಇದ್ದಾರೆ, ಒಳ್ಳೆಯವರೇ. ಆದರೆ ಅವರು ಆಕೆಯೊಂದಿಗೆ ಆಡುವುದು, ನಾವು ಅಕ್ಕನೊಂದಿಗೆ ಆಡಿದಷ್ಟೇ: ಉಂಡೆಯಾ, ನೀರು ಬಂತು, ಬಾಗಿಲು ಹಾಕು. ಇಷ್ಟರಲ್ಲೇ ಒಂದು ಜನ್ಮ ಕಳೆಯಬೇಕೆಂದರೆ ಹೇಗೆ ಎಂದು ನಾನು ಯಾವತ್ತೂ ಯೋಚಿಸಿರಲಿಲ್ಲ.

ಹಾವೇರಿಯಲ್ಲಿ ಮೆಹರೂನಳ ಅಣ್ಣ ಸಿಕ್ಕವನು, “ತಂಗಿ ಮಗ ಫೋನ್ ಕೊಡಿಸ್ಯಾನ್ರಿ, ಮುಖಾ ಕಾಣೂದು. ನಿಮ್ಮ ಅಕ್ಕನ್ನ ಒಮ್ಮಿ ತೋರಿಸ್ರಿ, ದಿನಾ ಕೇಳ್ತಾಳ” ಎಂದು ನಂಬರು ಕೊಟ್ಟ. ತೋರಿಸಿದೆವು. ಆದರೆ ನಮ್ಮದು ಹಳೆಯ ಮಣ್ಣಿನ ಗೋಡೆಯ ಮನೆ. ಸಿಗ್ನಲ್ಲು ಬಾಗಿಲವರೆಗೆ ಬಂದು ಚಪ್ಪಲಿ ಬಿಟ್ಟು ಅಲ್ಲೇ ನಿಲ್ಲುತ್ತದೆ. ಹಿಂದಿನ ಆರ್‌ಸಿಸಿ ಕೋಣೆಯ ಮೇಲೆ, ನೀರಿನ ಟಾಕಿಯ ಮಗ್ಗುಲಲ್ಲಿ ಮಾತ್ರ ಎರಡು ಗೆರೆ. ಇನ್ನು ಕೈಮಾತಿಗೆ ಎರಡೂ ಕೈ ಬೇಕು. ಫೋನು ಹಿಡಿಯಲು ಒಂದು ಕೈ ಹೋದರೆ ಉಳಿದದ್ದು ಅರ್ಧ ಬಾಯಿ. ಹೀಗಾಗಿ ಬಿಸಿಲಲ್ಲಿ ಫೋನು ಎತ್ತಿ ಹಿಡಿದು ನಿಲ್ಲುವ ಕಂಬ ನಾನಾದೆ. ಸುತ್ತ ಒಣಗಲು ಹಾಕಿದ ಮೆಣಸಿನಕಾಯಿ. ನಾನು ಸೀನಿದರೆ ಇಡೀ ಸೊಲ್ಲಾಪುರ ಅಲುಗಾಡುತ್ತಿತ್ತು. ಅತ್ತ ಮೆಹರೂನ್ ಏನೋ ಹೇಳಿದಳು, ಅಕ್ಕ ಬಿದ್ದು ಬಿದ್ದು ನಕ್ಕಳು. ಏನೆಂದು ಕೇಳಿದರೆ, ‘ಕಂಬ ಸರಿಯಿಲ್ಲ, ಬೇರೆ ನೆಡು ಅಂತಾಳ’ ಎಂದಳು. ಅಷ್ಟರಲ್ಲಿ ಅವತ್ತಿನ ಡೇಟಾ ಮುಗಿಯಿತು.

ಸರಿ, ಮನೆಗೆ ನೆಟ್ಟು ಹಾಕಿಸೋಣ, ಅಗ್ಗದ್ದು, ತಂಟೆಯಿಲ್ಲದ್ದು ಎಂದು ನಿರ್ಧಾರವಾಯಿತು. ಈ ಎರಡು ಗುಣ ಒಂದೇ ಕಡೆ ಸಿಗುತ್ತವೆಂದು ನಂಬಿದ ನನ್ನ ಬುದ್ಧಿಗೆ ಏನು ಹೇಳಲಿ! ಕನೆಕ್ಷನ್ ತನ್ನ ಹೆಸರಿನಲ್ಲೇ ಇರಬೇಕು, ಬಿಲ್ಲು ತಾನೇ ಕಟ್ಟುವುದು ಎಂದು ಅಕ್ಕ ಪಟ್ಟು ಹಿಡಿದಳು. ಅವಳನ್ನು ಕರೆದುಕೊಂಡು ರಾಣೆಬೆನ್ನೂರಿನ ಬಸ್‌ಸ್ಟ್ಯಾಂಡಿನ ಹತ್ತಿರದ ಒಂದು ಅಂಗಡಿಗೆ ಹೋದೆ. ಕಂಪನಿ ದೊಡ್ಡದು, ಅಂಗಡಿಯ ತುಂಬ ಗಾಜು. ಟೈ ಕಟ್ಟಿದ ಒಬ್ಬ ತರುಣ ನಮ್ಮನ್ನು ಕೂರಿಸಿ ಶುರು ಮಾಡಿದ.

“ಈ ಪ್ಲಾನ್ ತಗೋರಿ ಸರ್. ಫೋನ್ ಪೂರಾ ಫ್ರೀ ಐತಿ. ಇಡೀ ದೇಶಕ್ಕ ಎಷ್ಟ ಬೇಕಾದ್ರೂ ಮಾತಾಡ್ರಿ.”

“ತಮ್ಮಾ, ನಮ್ಮ ಅಕ್ಕಗ ಕಿವಿ ಕೇಳಂಗಿಲ್ಲ, ಮಾತೂ ಬರಂಗಿಲ್ಲ. ಫೋನ್ ಬ್ಯಾಡ, ನೆಟ್ ಅಷ್ಟ ಕೊಡು. ಅದರ ರೊಕ್ಕ ಕಡಿಮಿ ಮಾಡು.”

“ಅದು ಫ್ರೀ ಇರೂದ್ರಿ. ಫ್ರೀದಾಗ ಕಡಿಮಿ ಹ್ಯಾಂಗ ಮಾಡ್ಲಿ?”

ಮಾತಿಗೆ ನಾನೇ ಸೋತೆ. ಆಮೇಲೆ ಒಂದೊಂದೇ ಬಾಲ ಹೊರಬಂತು. ಬೋರ್ಡಿನ ಮೇಲಿನ ದರಕ್ಕೆ ತೆರಿಗೆ ಬೇರೆ. ಡಬ್ಬಿಗೆ ಡಿಪಾಜಿಟ್ಟು ಬೇರೆ. ವೈರು ಎಳೆಯುವುದು ಪುಕ್ಕಟೆ, ಆದರೆ ವರ್ಷದ ಹಣ ಮೊದಲೇ ಕಟ್ಟಿದವರಿಗೆ. ಚಿತ್ರ ನಮ್ಮ ಕಡೆಯಿಂದ ಆ ಕಡೆ ಹೋಗುವ ವೇಗ ಎಷ್ಟು ಎಂದು ಕೇಳಿದರೆ, “ಸಿನಿಮಾ ಚೊಲೋ ಬರ್ತಾವ್ರಿ” ಎಂಬ ಉತ್ತರ. ಬರುವುದು ಯಾರಿಗೆ ಬೇಕಾಗಿದೆ, ಅಕ್ಕನ ಕೈ ಆ ಕಡೆ ಹೋಗಬೇಕಲ್ಲ! ಇದನ್ನು ಮಾತ್ರ ಮರೆಯದೆ ಕೇಳಿ, ಉತ್ತರ ಬರದಿದ್ದರೆ ಎದ್ದು ಬನ್ನಿ. ನಾನು ಏಳಲಿಲ್ಲ. ಅರ್ಜಿ ತುಂಬಿಸಿದೆ. ಆಗ ಬಂತು ಕಡೆಯ ಬಾಲ.

“ಹೆಡ್ ಆಫೀಸಿನಿಂದ ಮೇಡಮ್ಮರಿಗೆ ಒಂದು ಫೋನ್ ಬರ್ತೈತ್ರಿ. ಅವರೇ ತಮ್ಮ ಬಾಯಿಲೆ ಹೆಸರು, ಊರು ಹೇಳಬೇಕು. ಆಮ್ಯಾಲೆ ಚಾಲೂ.”

“ಬಾಯಿ ಬರಂಗಿಲ್ಲಂತ ಆಗಿಂದ ಹೇಳಾಕತ್ತೇನಲ್ಲೋ!”

“ಬರೇ ಹೌದು ಅಂದ್ರೂ ನಡೀತೈತ್ರಿ.”

“ಹೌದು ಅನ್ನಾಕೂ ಬರಂಗಿಲ್ಲ.”

ತರುಣ ಪೆನ್ನನ್ನು ಗದ್ದಕ್ಕೆ ಒತ್ತಿ ವಿಚಾರ ಮಾಡಿದ. ನಿಜವಾಗಿ ಸಹಾಯ ಮಾಡಬೇಕೆಂಬ ಮುಖ. “ಹಂಗಾರ ಎಷ್ಟೊತ್ತಿಗೆ ಫೋನ್ ಮಾಡಿದ್ರ ಅವರಿಗೆ ಅನುಕೂಲ ಆಗ್ತೈತ್ರಿ?” ಎಂದ.

ನನಗೆ ಮೈ ಪರಚಿಕೊಳ್ಳುವಂತಾಯಿತು. ಏನಂತೆ ಎಂದು ಅಕ್ಕ ನನ್ನ ತೋಳು ಜಗ್ಗಿದಳು. ನಿನಗೆ ಫೋನು ಬರುತ್ತದೆ, ನೀನು ಮಾತಾಡಬೇಕಂತೆ ಎಂದು ಕೈಯಲ್ಲಿ ಹೇಳಿದೆ. ಅಕ್ಕ ಒಂದು ಕ್ಷಣ ಆ ತರುಣನ ಮುಖ ನೋಡಿದಳು. ಮುಷ್ಟಿ ಕಿವಿಗೆ ಹಚ್ಚಿ, ಕಣ್ಣು ತೆರೆದು, ಬಾಯಿ ಅಗಲಿಸಿ, ಅವನ ಟೈಯ ಮೇಲೆಯೇ ಬೀಳುವಂತೆ ಸೀನಿ ತೋರಿಸಿದಳು. ಅವನು ಗಾಬರಿಯಾಗಿ ನೀರು ತರಲು ಎದ್ದ. ನಾವು ಬಸ್ಸಿಗೆ ಎದ್ದೆವು. ಮೋಟೆಬೆನ್ನೂರು ದಾಟುವವರೆಗೂ ಅಕ್ಕ ನಗುತ್ತಲೇ ಇದ್ದಳು. ನಾನು ನಗಲಿಲ್ಲ, ನನಗೆ ಅರ್ಧ ದಿನದ ರಜೆ ಹೋಗಿತ್ತು.

ಕಡೆಗೆ ಹಿಡಿದದ್ದು ನಮ್ಮ ಓಣಿಗೆ ಟಿವಿ ಕೇಬಲ್ ಕೊಡುವ ಪರಸಪ್ಪನನ್ನೇ. ಅವನ ವೆರಿಫಿಕೇಶನ್ ಬಾಗಿಲಲ್ಲೇ ಮುಗಿಯಿತು. “ಅಕ್ಕಾರ ಹೆಸರಿಗೇನ್ರಿ? ಗೊತ್ತದಾರ ತಗೋರಿ” ಅಂದ. ತಿಂಗಳು ತಿಂಗಳು ಹಣ, ಬೇಡವಾದರೆ ಡಬ್ಬಿ ವಾಪಸ್ಸು. ಅಕ್ಕ ಅವನ ಫೋನು ಇಸಿದುಕೊಂಡು, ಅವನ ನೆಟ್ಟಿನಲ್ಲೇ ಮೆಹರೂನಳಿಗೆ ಹಚ್ಚಿ, ಕೈ ಜೋರಾಗಿ ಆಡಿಸಿ, ಎಲ್ಲ ಬೆರಳೂ ಕಂಡವೋ ಇಲ್ಲವೋ ಕೇಳಿ, ಆಮೇಲೆ ಒಪ್ಪಿಕೊಂಡಳು. ವೈರು ಕಂಬದಿಂದ ಹೊರಟು ಮೂರು ಮನೆಯವರ ಮಾಳಿಗೆ ಹತ್ತಿಳಿದು, ಒಂದು ಕಡೆ ಸೀರೆ ಒಣಹಾಕುವ ಹಗ್ಗಕ್ಕೆ ಜೋಡಿಯಾಗಿ ನಮ್ಮ ಕಿಟಕಿಗೆ ಬಂತು. ಗೋಡೆಗೆ ತೂತು ಕೊರೆದದ್ದು ಬೊಟ್ಟಿನಷ್ಟು, ಉದುರಿದ ಮಣ್ಣು ಬುಟ್ಟಿಯಷ್ಟು.

ಮೊದಲಿನ ದಿನಗಳು ಮಾತ್ರ ನೋಡುವ ಹಾಗಿದ್ದವು. ಸಂಜೆ ಮೆಹರೂನಳ ನಮಾಜು ಮುಗಿಯುವ ಹೊತ್ತಿಗೆ ಅಕ್ಕ ಪಡಸಾಲೆಯಲ್ಲಿ ಫೋನನ್ನು ಬೇಳೆಯ ಡಬ್ಬಿಗೆ ಆನಿಸಿ ಕೂರುತ್ತಿದ್ದಳು. ಎರಡೂ ಕೈ ಖಾಲಿ. ಶುರುವಾಯಿತೆಂದರೆ ಮುಗಿಯುವುದಿಲ್ಲ. ನನಗೆ ಅವಳ ಮಾತು ಅರ್ಥವಾಗುತ್ತದೆ ಎಂದು ಇಷ್ಟು ವರ್ಷ ತಿಳಿದಿದ್ದೆನಲ್ಲ, ಈಗ ನಾಲ್ಕರಲ್ಲಿ ಒಂದೂ ಅರ್ಥವಾಗುತ್ತಿರಲಿಲ್ಲ. ನಮ್ಮ ಅಕ್ಕ ಇಂಥ ಮಾತಿನಮಲ್ಲಿ ಎಂಬುದು ಅವಳೊಂದಿಗೆ ಹುಟ್ಟಿ ಬೆಳೆದ ನನಗೇ ಗೊತ್ತಿರಲಿಲ್ಲ. ಅದನ್ನು ನೋಡಿ ನನಗೆ ಬಹಳ ಸಂತೋಷವಾಯಿತು, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಎರಡನೆಯ ತಿಂಗಳಿಗೆ ಚಿತ್ರ ನಿಲ್ಲತೊಡಗಿತು. ನಿಮ್ಮ ನಮ್ಮ ಮಾತು ನಡುವೆ ತುಂಡಾದರೆ, ‘ಹಲೋ, ಹಲೋ’ ಎನ್ನಬಹುದು. ಕೈಮಾತು ತುಂಡಾದರೆ ಎದುರಿನವರು ಗೊಂಬೆಯಂತೆ ಕೈಯೆತ್ತಿ ನಿಂತುಬಿಡುತ್ತಾರೆ. ಒಂದು ಸಂಜೆ ಮೆಹರೂನ್ ಏನೋ ಹೇಳುತ್ತ, ಬೆರಳನ್ನು ತನ್ನ ಕಣ್ಣಿನ ಹತ್ತಿರ ತಂದಳು. ಅಲ್ಲಿಗೇ ನಿಂತಳು. ಕಣ್ಣಿಗೆ ಏನು? ಅಕ್ಕ ಕಾದಳು. ಮುಂದೆ ಬರಲೇ ಇಲ್ಲ. ಮರುದಿನ ಸಂಜೆಯೂ ಅಷ್ಟೇ: ಕಣ್ಣಿನವರೆಗೆ ಬೆರಳು ಬರುವುದು, ನಿಲ್ಲುವುದು. ಮೆಹರೂನಳ ಮಗನ ಫೋನಿಗೆ ಬರೆದು ಕೇಳಿ ಎಂದು ಗಿರಿಜಾ ನನಗೆ ಹೇಳಿದಳು. ಮೆಹರೂನ್ ಮಗನಿಗೆ ಹೇಳಿರದ ಮಾತಾಗಿದ್ದರೆ? ಬೇಡ ಎಂದು ಅಕ್ಕ ನನ್ನ ಕೈ ಹಿಡಿದು ತಡೆದಳು. ಆ ದಿನ ಅವಳು ಊಟ ಮಾಡಲಿಲ್ಲ.

ನನ್ನ ಪಿತ್ತ ನೆತ್ತಿಗೇರಿತು. ಪರಸಪ್ಪನನ್ನು ಕರೆಸಿ ಬಾಯಿಗೆ ಬಂದಂತೆ ಬೈದೆ. ಅವನು ಶಾಂತವಾಗಿ ತನ್ನ ಫೋನು ಒತ್ತಿ ನೋಡಿ, “ನೆಟ್ ಬರೋಬರಿ ಐತ್ರಿ ಸರ್. ನಿಮ್ಮ ಡಬ್ಬಿ ಮ್ಯಾಲ ಓಣಿಗೆ ಓಣೀನ ಕುಂತೈತಿ” ಎಂದ.

“ಅಂದ್ರ?”

“ಹೊರಗ ಕಟ್ಟಿ ಮ್ಯಾಲ ನೋಡಿ ಬರ್ರಿ.”

ಈಗ ನನ್ನ ಮಾನ ಹೋಗುವ ಸಂಗತಿ ಹೇಳಬೇಕು. ಒಂದು ತಿಂಗಳಿಂದ ಸಂಜೆಯಾದರೆ ನಮ್ಮ ಮನೆಯ ಕಟ್ಟೆಯ ಮೇಲೆ ಓಣಿಯ ಜನ ಬಂದು ಕೂರುತ್ತಿದ್ದರು. ಮೊದಲು ಹೀಗಿರಲಿಲ್ಲ. ನಾನು ಆಫೀಸಿನಿಂದ ಬಂದವನು ಅವರ ನಡುವೆ ಕುಳಿತು ಬೀಜದ ವಿಷಯ, ಮಳೆಯ ವಿಷಯ, ದೇಶದ ವಿಷಯ ಮಾತಾಡುತ್ತಿದ್ದೆ. ಎಲ್ಲರೂ ಫೋನು ನೋಡುತ್ತಲೇ ತಲೆಯಾಡಿಸುತ್ತಿದ್ದರು. ನಿವೃತ್ತಿಗೆ ಮೊದಲೇ ನನ್ನ ಮಾತಿಗೆ ಬೆಲೆ ಬಂತಲ್ಲ ಎಂದು ಒಳಗೊಳಗೇ ಉಬ್ಬಿದ್ದೆ. ಇನ್ನೊಂದು ಚಾಪೆ ತರಬೇಕೆಂದು ಗಿರಿಜಾಳಿಗೆ ಹೇಳಿಯೂ ಇದ್ದೆ. ಅವರು ಬಂದದ್ದು ನನ್ನ ಮಾತಿಗಲ್ಲ, ದೇವರ ಮಾಡದ ಡಬ್ಬಿಗೆ.

ಪಾಸ್‌ವರ್ಡ್ ಕೊಟ್ಟವಳು ಅಕ್ಕ. ಪಕ್ಕದ ಮನೆಯ ಶಿವಕ್ಕ ಮೊದಲು ಕೇಳಿದಳಂತೆ, ಮೊಸರಿನ ಹೆಪ್ಪು ಕೇಳುವ ಹಾಗೆ ಬಟ್ಟಲ ಬದಲು ಫೋನು ಹಿಡಿದು ಬಂದು. ನಮ್ಮ ಕಡೆ ಹೆಪ್ಪು ಕೇಳಿದವರಿಗೆ ಇಲ್ಲ ಎನ್ನುವುದುಂಟೆ? ಕೊಟ್ಟರೆ ನಮ್ಮ ಗಡಿಗೆಯೇನೂ ಬರಿದಾಗುವುದಿಲ್ಲ. ಅಕ್ಕ ಕೊಟ್ಟಳು. ಶಿವಕ್ಕನಿಂದ ಅವಳ ಸೊಸೆಗೆ, ಸೊಸೆಯಿಂದ ಆಚೆ ಮನೆಗೆ, ಹೆಪ್ಪಿನ ಹಾಗೆಯೇ ಹೋಯಿತು. ನಾನು ಕೂಗಾಡಿದೆ, ಅಂದರೆ ಕೈ ಬೀಸಾಡಿದೆ. ಎಂಬಿಪಿಎಸ್ ಎಂದರೇನೆಂದು ತಿಳಿಸಲು ಕೊಡದ ನೀರು ಸುರಿದು ತೋರಿಸಿದೆ, ಪಡಸಾಲೆ ಒದ್ದೆಯಾಯಿತು. ಇವತ್ತೇ ಪಾಸ್‌ವರ್ಡ್ ಬದಲಿಸುತ್ತೇನೆ ಎಂದೆ.

ಅಕ್ಕ ನೆಲ ಒರೆಸಿದಳು. ಆಮೇಲೆ ನಿಧಾನವಾಗಿ ಹೇಳಿದಳು: ‘ಇಷ್ಟು ವರ್ಷ ಓಣಿಯವರಿಗೆ ಏನು ಬೇಕಾದರೂ ನಿನ್ನ ಕೇಳತಿದ್ರು, ಇಲ್ಲಾ ಗಿರಿಜಾನ್ನ. ನನ್ನ ಯಾರೂ ಏನೂ ಕೇಳಿರಲಿಲ್ಲ.’

ಹೌದಲ್ಲ, ಎಲ್ಲರೂ ಈಗ ಅವಳ ಹತ್ತಿರವೇ ಬರುತ್ತಾರೆ. ಶಿವಕ್ಕ ಕೈಮಾತಿನಲ್ಲಿ ನಾಲ್ಕಾರು ಶಬ್ದ ಕಲಿತಿದ್ದಾಳೆ. ಆ ಕಡೆ ಮೆಹರೂನಳ ಕಣ್ಣಿನ ಹತ್ತಿರ ನಿಂತ ಬೆರಳು, ಈ ಕಡೆ ಕಟ್ಟೆಯ ಮೇಲಿನ ಜನ. ಪಾಸ್‌ವರ್ಡ್ ಬದಲಿಸಲು ಫೋನು ಕೈಗೆತ್ತಿಕೊಂಡವನು ಮತ್ತೆ ಕೆಳಗಿಟ್ಟೆ.

ಅವತ್ತು ಸಂಜೆ ಅಕ್ಕ ದೇವರಿಗೆ ದೀಪ ಹಚ್ಚಿ, ದೀಪ ಹಿಡಿದುಕೊಂಡೇ ಹೊರಗೆ ಕಟ್ಟೆಗೆ ಬಂದಳು. ಎಲ್ಲರ ಮುಖ ನೋಡಿದಳು. ದೀಪ ತೋರಿಸಿದಳು, ಫೋನುಗಳನ್ನು ತೋರಿಸಿದಳು, ಬಲಗೈ ಬೆರಳುಗಳನ್ನು ಗಟ್ಟಿಯಾಗಿ ಮಡಚಿ ಎದೆಗೆ ಹಚ್ಚಿಕೊಂಡಳು. ನಾನು ವಿವರಿಸಲು ಬಾಯಿ ತೆರೆಯುವುದರೊಳಗೆ ಶಿವಕ್ಕ ಎದ್ದು ನಿಂತಳು.

“ಖರೇನ ಐತಿ. ದೀಪಾ ಹಚ್ಚಿದ ಮ್ಯಾಲ ಹೆಪ್ಪು ಕೊಡಬಾರದು, ಉಪ್ಪು ಕೊಡಬಾರದು. ಇದನ್ನೂ ಹ್ಯಾಂಗ ಕೊಡ್ತಾಳ? ಏಳ್ರಿ, ಬಂದ್ ಮಾಡ್ರಿ ಎಲ್ಲಾರೂ. ನಾಳೆ ನಸೀಕ್ಲೆ ಬರೂನಂತ.”

ಎಲ್ಲರೂ ಎದ್ದರು. ಯಾರಿಗೂ ಸಿಟ್ಟಿಲ್ಲ, ವಾದವಿಲ್ಲ. ನಾನು ಕೊಡ ಬಗ್ಗಿಸಿ ತಿಳಿಸಲಾರದ್ದು ಒಂದು ದೀಪದಲ್ಲಿ ತಿಳಿದುಹೋಯಿತು. ಕಟ್ಟೆಯ ಮೇಲೆ ನಾನೊಬ್ಬನೇ ಉಳಿದೆ, ದೇಶದ ವಿಷಯ ಕೇಳುವವರು ಇಲ್ಲದೆ.

ಒಳಗೆ ಬಂದೆ. ಅಕ್ಕ ಆಗಲೇ ಫೋನು ಹಚ್ಚಿದ್ದಳು. ಚಿತ್ರ ಕನ್ನಡಿಯ ಹಾಗಿತ್ತು. ಮೆಹರೂನಳ ಬೆರಳು ಕಣ್ಣಿಗೆ ಬಂತು, ಈ ಸಲ ಮುಂದೆ ಹೋಯಿತು. ಅಷ್ಟು ನನಗೂ ತಿಳಿಯಿತು: ಎರಡೂ ಕಣ್ಣಿಗೆ ಪೊರೆ ಬಂದಿದೆ, ಆಪರೇಷನ್ ಆಗಬೇಕು. ಪಟ್ಟಿ ಕಟ್ಟುತ್ತಾರೆ. ಹೆದರಿಕೆ. ನಮಗೆ ಕಣ್ಣಿಗೆ ಪಟ್ಟಿ ಕಟ್ಟಿದರೆ ಕತ್ತಲೆ ಅಷ್ಟೇ. ಆಕೆಗೆ ಅಲ್ಲಿಗೆ ಎಲ್ಲರ ಮಾತೂ ನಿಂತಂತೆ. ಒಂದೊಂದೇ ಕಣ್ಣು ಮಾಡುತ್ತಾರೆ, ಇನ್ನೊಂದು ತೆರೆದೇ ಇರುತ್ತದೆ ಎಂದು ಹೇಳಬೇಕೆಂದು ನಾನು ಮುಂದೆ ಬಂದೆ. ಆಸ್ಪತ್ರೆಯಲ್ಲಿ, ರೇಷನ್ ಅಂಗಡಿಯಲ್ಲಿ, ಬ್ಯಾಂಕಿನಲ್ಲಿ ಇಷ್ಟು ವರ್ಷ ಅಕ್ಕನ ಬಾಯಿ ನಾನೇ ಅಲ್ಲವೇ? ಅಷ್ಟರಲ್ಲಿ ಮೆಹರೂನ್ ಅಳತೊಡಗಿದಳು.

ಅಕ್ಕ ತಿರುಗಿ ನನ್ನನ್ನು ನೋಡಿದಳು. ಮುಂಗೈಯಿಂದ ಮೂಗು ಒರೆಸಿ ನನ್ನ ಹೆಸರು ಕರೆದಳು, ಬಾಗಿಲ ಕಡೆ ಬೆರಳು ತೋರಿಸಿದಳು. ನನಗೆ ತಿಳಿಯಲಿಲ್ಲ. ಅವಳೇ ಎದ್ದು, ಫೋನು ತೆಗೆದುಕೊಂಡು ಒಳಗಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ನಮ್ಮ ಅಕ್ಕನಿಗೆ ನನಗೆ ಗೊತ್ತಾಗಬಾರದ ಒಂದು ಮಾತು ಇರಬಹುದೆಂದು ನನಗೆ ಹೊಳೆದೇ ಇರಲಿಲ್ಲ. ಮುಖಕ್ಕೆ ಹೊಡೆದಂತಾಯಿತು. ಸಂಕೋಚ ಬಿಟ್ಟು ಹೇಳುತ್ತೇನೆ, ಬಾಗಿಲಿಗೆ ಕಿವಿಯನ್ನೂ ಕೊಟ್ಟೆ. ಕೊಟ್ಟ ಮೇಲೆ ನನ್ನ ದಡ್ಡತನಕ್ಕೆ ನನಗೇ ನಗು ಬಂತು. ಆ ಮಾತನ್ನು ಯಾವ ಕಿವಿ ಕೇಳೀತು? ಒಳಗಿಂದ ಅಕ್ಕನ ಕೈಬಳೆಗಳ ಸದ್ದಷ್ಟೇ ಬರುತ್ತಿತ್ತು, ಒಮ್ಮೆ ಜೋರಾಗಿ, ಒಮ್ಮೆ ಸಮಾಧಾನ ಮಾಡುವಂತೆ ಮೆಲ್ಲಗೆ. ನಾನು ಬಾಗಿಲಿನಿಂದ ಸರಿದು ಬಂದು ಕಟ್ಟೆಯ ಮೇಲೆ ಕುಳಿತೆ.